ಕಣ್ಕಟ್ಟಿನ ಕರಾರು

ನವೆಂಬರ್ ಸಮೀಪಿಸಿತೆಂದರೆ ಕೊಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ರಾಜ್ಯೋತ್ಸವದ ಆಹ್ವಾನಪತ್ರಿಕೆಗಳು ಹರಿದಾಡತೊಡಗುತ್ತವೆ. ನಾಡಗೀತೆ, ಗಣ್ಯರಿಗೆ ಶಾಲು-ಹಾರ, ಮಕ್ಕಳ ನೃತ್ಯ, ಯಕ್ಷಗಾನದ ಒಂದು ತುಣುಕು. ಊಟಕ್ಕೆ ಮುನ್ನ, ಮಕ್ಕಳು ಸಭಾಂಗಣದ ತುಂಬ ಓಡಾಡದಂತೆ ತಡೆಯಲು, ಒಂದು ಜಾದೂ ಪ್ರದರ್ಶನ. ದೋಹಾದಲ್ಲಿ ವರ್ಷಗಳಿಂದ ಇಂಥ ಪತ್ರಿಕೆಗಳನ್ನು ಓದುತ್ತ ಬಂದಿರುವ ನನ್ನನ್ನು ಅವುಗಳಲ್ಲಿನ ಒಂದು ಪದ ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಹಾಡುವವರಿಗೂ ಕುಣಿಯುವವರಿಗೂ ಇಲ್ಲದ ‘ವೃತ್ತಿಪರ’ ಎಂಬ ವಿಶೇಷಣ ಜಾದೂಗಾರನ ಹೆಸರಿಗೆ ಮಾತ್ರ ಅಂಟಿಕೊಂಡಿರುತ್ತದೆ.

ಏನಿದರ ಅರ್ಥ? ಕೇಳಿದರೆ ಸಿಗುವ ಉತ್ತರಗಳು ಗೊತ್ತಿರುವಂಥವೇ. ಆತನಿಗೆ ಬೇರೆ ಉದ್ಯೋಗವಿಲ್ಲ, ಇದರಿಂದಲೇ ಸಂಸಾರ ನಡೆಯುತ್ತದೆ. ಊರಿನಿಂದ ವಿಮಾನದಲ್ಲಿ ಬರುತ್ತಾನೆ, ಜೊತೆಗೆ ತಂಡವಿದೆ, ಮಿನುಗುವ ಪೆಟ್ಟಿಗೆಗಳಿವೆ. ಕೈ ತಪ್ಪುವುದಿಲ್ಲ, ಮಾತು ತಡವರಿಸುವುದಿಲ್ಲ. ಇವೆಲ್ಲ ಬೇಕು, ನಿಜ. ಆದರೆ ಈ ಪಟ್ಟಿಯ ಒಂದೊಂದು ಅಂಶವೂ ನುರಿತ ವಂಚಕನಿಗೂ ಚಾಚೂ ತಪ್ಪದೆ ಒಪ್ಪುತ್ತದೆ. ಬರಿಗೈಯಿಂದ ಬೂದಿ ಸುರಿಸುವ ಬಾಬಾನಿಗೂ ಬೇರೆ ಉದ್ಯೋಗವಿಲ್ಲ. ಆತನೂ ತಂಡ ಕಟ್ಟಿಕೊಂಡು ವಿಮಾನದಲ್ಲೇ ಬರುತ್ತಾನೆ. ಆತನ ಕೈಯೂ ತಪ್ಪುವುದಿಲ್ಲ. ಇವರಿಬ್ಬರನ್ನು ಬೇರ್ಪಡಿಸಲಾರದ ಅಳತೆಗೋಲಿನಿಂದ ವೃತ್ತಿಯನ್ನು ಅಳೆಯುವುದು ಹೇಗೆ?

ನನ್ನ ವಾದ ಸರಳವಾದದ್ದು. ರಂಗದ ಜಾದೂಗಾರನ ವೃತ್ತಿಪರತೆ ಇರುವುದು ಆತ ಪ್ರೇಕ್ಷಕರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲಿ. ನಾನು ನಿಮ್ಮನ್ನು ಮೋಸಗೊಳಿಸುತ್ತೇನೆ, ನೀವು ತಿಳಿದೇ ಮೋಸಹೋಗುತ್ತೀರಿ, ಪರದೆ ಬಿದ್ದೊಡನೆ ಮೋಸವೂ ಮುಗಿಯುತ್ತದೆ ಎಂಬ ಕರಾರು ಅದು. ಆ ಕರಾರನ್ನು ಎಲ್ಲರ ಮುಂದೆ, ಎಲ್ಲ ಕಾಲದಲ್ಲೂ ಪಾಲಿಸುವವನು ವೃತ್ತಿಪರ. ಪಾಲಿಸದವನ ಕೈಯಲ್ಲಿ ಎಂಥ ಚಳಕವಿದ್ದರೂ ಅದು ದಂಧೆ.

ಕನ್ನಡ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿಕೊಂಡಿದೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಈ ವಿದ್ಯೆಗೆ ಹಲವು ಹೆಸರುಗಳಿವೆ: ಇಂದ್ರಜಾಲ, ಯಕ್ಷಿಣಿ, ಗಾರುಡಿ, ಮೋಡಿ. ಇವೆಲ್ಲ ಶಕ್ತಿಯನ್ನು ಇಂದ್ರನಿಗೋ ಯಕ್ಷಿಗೋ ಮಂತ್ರಕ್ಕೋ ಸಲ್ಲಿಸುವ ಮಾತುಗಳು. ಇವುಗಳ ಪಕ್ಕದಲ್ಲೇ ಇನ್ನೆರಡು ಪದಗಳಿವೆ: ಕೈಚಳಕ, ಕಣ್ಕಟ್ಟು. ಒಂದು, ಕೆಲಸ ಮಾಡಿದ್ದು ಕೈ ಎಂದು ಹೇಳುತ್ತದೆ. ಇನ್ನೊಂದು, ಕಟ್ಟಿಸಿಕೊಂಡದ್ದು ನಮ್ಮ ಕಣ್ಣು ಎಂದು ಹೇಳುತ್ತದೆ. ದೈವ ಎರಡರಲ್ಲೂ ಇಲ್ಲ. ಯಕ್ಷಗಾನದ ಬಣ್ಣದ ವೇಷಧಾರಿ ರಾತ್ರಿಯಿಡೀ ರಾವಣನಾಗಿ ಅಬ್ಬರಿಸಿ ಬೆಳಗಾಗುವಾಗ ಚೌಕಿಗೆ ಮರಳಿ ಬಣ್ಣ ತೆಗೆಯುತ್ತಾನೆ. ಆಮೇಲೆ ಯಾರೂ ಅವನಿಗೆ ಕಪ್ಪ ಒಪ್ಪಿಸುವುದಿಲ್ಲ. ಜಾದೂಗಾರನಿಗೂ ಒಂದು ಚೌಕಿ ಬೇಕು, ಅದು ಇದೆಯೆಂದು ಪ್ರೇಕ್ಷಕರಿಗೆ ಗೊತ್ತಿರಬೇಕು.

ಚೌಕಿಯೇ ಇಲ್ಲದ ಜಾದೂ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಕ್ಕಳ ತಲೆಯ ಮೇಲೇ ನಡೆದ ಒಂದು ಪ್ರಕರಣವನ್ನು ನೋಡೋಣ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುವುದು, ಬಣ್ಣ ಹೇಳುವುದು, ಬರೆಯುವುದು ರಂಗಭೂಮಿಯ ಹಳೆಯ ಸರಕು. ಬಂಗಾಳದ ಪಿ.ಸಿ. ಸರ್ಕಾರ್ (1913–1971) ಅದನ್ನು ಬೀದಿಗೂ ತಂದು, ಕಣ್ಣು ಕಟ್ಟಿಕೊಂಡೇ ಮಹಾನಗರಗಳ ವಾಹನಗಳ ನಡುವೆ ಸೈಕಲ್ ಓಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಅವರು ಜಾದೂಗಾರರೆಂದು ನೋಡಿದವರಿಗೆಲ್ಲ ಗೊತ್ತಿತ್ತು. 2010ರ ದಶಕದಲ್ಲಿ ಅದೇ ಪಟ್ಟಿ ಕರ್ನಾಟಕದ ಊರೂರುಗಳಲ್ಲಿ ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಎಂಬ ಹೆಸರಿನ ತರಗತಿಗಳಿಗೆ ಬಂತು. ಒಂದೆರಡು ವಾರಾಂತ್ಯ ಮಗುವಿಗೆ ಸಂಗೀತ ಕೇಳಿಸಿ, ಮಧ್ಯಮೆದುಳನ್ನು ‘ಎಚ್ಚರಿಸಿ’, ಕಣ್ಣು ಕಟ್ಟಿದರೂ ಓದುವಂತೆ ಮಾಡುತ್ತೇವೆಂಬ ಭರವಸೆ. ಅದಕ್ಕೆ ಸಾವಿರಾರು ರೂಪಾಯಿ ಶುಲ್ಕ. ಮಧ್ಯಮೆದುಳು ಎಚ್ಚರವಿಲ್ಲದ ಮಗು ತರಗತಿಗೆ ನಡೆದು ಬರುವುದಿರಲಿ, ಕಣ್ಣನ್ನೂ ತಿರುಗಿಸಲಾರದು ಎಂಬ ಪ್ರಾಥಮಿಕ ಶರೀರಶಾಸ್ತ್ರ ಯಾರನ್ನೂ ತಡೆಯಲಿಲ್ಲ.

ತಡೆಯಲು ಹೊರಟವರು ಮಂಗಳೂರಿನ ನರೇಂದ್ರ ನಾಯಕ್. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದು, 2006ರಲ್ಲಿ ಆ ಕೆಲಸ ಬಿಟ್ಟು ಪೂರ್ಣಾವಧಿ ವಿಚಾರವಾದಿ ಪ್ರಚಾರಕ್ಕೆ ಇಳಿದವರು. ಅವರು ನರವಿಜ್ಞಾನದ ಪಾಠ ಹೇಳುತ್ತ ಕೂರಲಿಲ್ಲ. ಜಾದೂಗಾರನಿಗೆ ಗೊತ್ತಿರುವುದನ್ನೇ ತೋರಿಸಿದರು: ಕಣ್ಣಿಗೆ ಹೇಗೆ ಪಟ್ಟಿ ಕಟ್ಟಿದರೂ ಮೂಗಿನ ಎರಡೂ ಬದಿ ಒಂದು ಸಂದು ಉಳಿಯುತ್ತದೆ, ತಲೆ ತುಸು ಹಿಂದೆ ವಾಲಿಸಿದರೆ ಮಡಿಲಲ್ಲಿರುವ ಪುಸ್ತಕ ಸ್ಪಷ್ಟವಾಗಿ ಕಾಣುತ್ತದೆ. ಆ ಸಂದನ್ನು ಮುಚ್ಚಿ, ಇಲ್ಲವೇ ಪುಸ್ತಕವನ್ನು ಹಣೆಯ ಮಟ್ಟಕ್ಕೆ ಹಿಡಿಯಿರಿ. ‘ಶಕ್ತಿ’ ಅಲ್ಲಿಗೇ ನಿಲ್ಲುತ್ತದೆ.

ಈ ವಂಚನೆಯ ನಿಜವಾದ ಕ್ರೌರ್ಯ ಶುಲ್ಕದಲ್ಲಿಲ್ಲ. ಮಗುವಿಗೆ ಗೊತ್ತು. ತಾನು ಸಂದಿನಿಂದ ನೋಡುತ್ತಿದ್ದೇನೆಂದು ಎಂಟು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ವಿಡಿಯೊ ನೆಂಟರ ಗುಂಪಿಗೆ ಹೋಗುತ್ತದೆ. ಸತ್ಯ ಹೇಳಿದರೆ ಎಲ್ಲರ ಸಂತೋಷ ಕೆಡುತ್ತದೆ. ಹೇಳದಿದ್ದರೆ ತಾನು ಸುಳ್ಳುಗಾರ. ಜಾದೂ ಕಲಿಸುವ ಗುರುವೊಬ್ಬ ಅದೇ ಮಗುವಿಗೆ ಅದೇ ಸಂದನ್ನು ಬಳಸುವುದು ಕಲಿಸಿದ್ದರೆ, ಮಗುವಿಗೆ ಒಂದು ಕಲೆ ದಕ್ಕುತ್ತಿತ್ತು ಮತ್ತು ಆಟ ಮುಗಿದ ಮೇಲೆ ಕಣ್ಣು ಮಿಟುಕಿಸಿ ನಗುವ ಸ್ವಾತಂತ್ರ್ಯ ಉಳಿಯುತ್ತಿತ್ತು. ಪಟ್ಟಿ ಒಂದೇ, ಸಂದು ಒಂದೇ, ಮಗುವೂ ಅದೇ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಗಳನ್ನು ಇಂಥ ತರಗತಿಗೆ ಕಳಿಸಿ, ದೋಹಾಕ್ಕೆ ಮರಳಿ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡ ಎಂಜಿನಿಯರ್ ದಂಪತಿಯನ್ನು ನಾನು ಬಲ್ಲೆ. ಓದು ಇಂಥದ್ದಕ್ಕೆ ಲಸಿಕೆಯೆಂದು ನಂಬಿರುವ ನಮ್ಮ ಬಳಗದವರು ಇದನ್ನು ಗಮನಿಸಬೇಕು.

ಹೊಸ ಮೋಸ ದೇವರ ಹೆಸರಿನಲ್ಲಿ ಬರುವುದು ಕಡಿಮೆ, ವಿಜ್ಞಾನದ ಹೆಸರಿನಲ್ಲೇ ಹೆಚ್ಚು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ವೇದಿಕೆಯ ಮೇಲೆ ‘ಮೆಂಟಲಿಸ್ಟ್’ ಒಬ್ಬರು ಚಮಚ ಬಾಗಿಸಿ, ಪ್ರೇಕ್ಷಕರ ಮನಸ್ಸಿನಲ್ಲಿದ್ದ ಸಂಖ್ಯೆ ಹೇಳಿ, ಇದು ಸುಪ್ತಮನಸ್ಸಿನ ಶಕ್ತಿಯೆಂದೂ ಮರುದಿನದ ಕಾರ್ಯಾಗಾರಕ್ಕೆ ಹೆಸರು ನೋಂದಾಯಿಸಬಹುದೆಂದೂ ಘೋಷಿಸಿದರು. ಸಾಲಿನಲ್ಲಿ ನಿಂತವರು ನಮ್ಮವರೇ. 1973ರಲ್ಲಿ ಯೂರಿ ಗೆಲ್ಲರ್ ಜಾನಿ ಕಾರ್ಸನ್ನನ ದೂರದರ್ಶನ ಕಾರ್ಯಕ್ರಮದಲ್ಲಿ ಕುಳಿತು, ಜಾದೂಗಾರ ಜೇಮ್ಸ್ ರಾಂಡಿಯ ಸಲಹೆಯಂತೆ ಬೇರೆಯವರು ಒದಗಿಸಿದ ಚಮಚಗಳೆದುರು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಏನೂ ಮಾಡಲಾಗದೆ ಬೆವರಿದ್ದನ್ನು ಇವತ್ತಿಗೂ ಅಂತರ್ಜಾಲದಲ್ಲಿ ನೋಡಬಹುದು. ಆ ಅರ್ಧಗಂಟೆಯಿಂದ ಗೆಲ್ಲರ್‌ನ ಖ್ಯಾತಿಗೇನೂ ಕುಂದಾಗಲಿಲ್ಲ ಎಂಬುದನ್ನೂ ಸೇರಿಸಬೇಕು. ನಂಬಲು ಬಯಸುವವರನ್ನು ಒಂದು ಸೋಲು ಕದಲಿಸುವುದಿಲ್ಲ.

ಕರಾರನ್ನು ಎಲ್ಲರ ಮುಂದೆ ಪಾಲಿಸಬೇಕು ಎಂದೆ. ‘ಎಲ್ಲರ’ ಎಂಬ ಪದಕ್ಕೆ ಒಂದು ಇತಿಹಾಸವಿದೆ. ಆಧುನಿಕ ಜಾದೂವಿನ ಪಿತಾಮಹನೆಂದು ಕರೆಸಿಕೊಳ್ಳುವ ಫ್ರಾನ್ಸಿನ ರಾಬರ್ಟ್-ಹೂಡಿನ್ ಮೂಲತಃ ಗಡಿಯಾರ ಮಾಡುವವನು. ಮಾಂತ್ರಿಕನ ನಿಲುವಂಗಿಯ ಬದಲು ಸಭ್ಯ ಗೃಹಸ್ಥನ ಸಂಜೆಯುಡುಪು ತೊಟ್ಟು ರಂಗಕ್ಕೆ ಬಂದವನು. ಜಾದೂಗಾರನೆಂದರೆ ಮಾಂತ್ರಿಕನ ಪಾತ್ರ ವಹಿಸುವ ನಟ ಎಂಬ ವ್ಯಾಖ್ಯೆ ಕೊಟ್ಟವನು. ಪ್ಯಾರಿಸ್ಸಿನ ಪ್ರೇಕ್ಷಕರೊಂದಿಗೆ ಆತನ ಕರಾರು ಸ್ಪಷ್ಟವಾಗಿತ್ತು. 1856ರಲ್ಲಿ ಫ್ರೆಂಚ್ ಸರ್ಕಾರ ಅದೇ ಮನುಷ್ಯನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಜನರ ಮೇಲೆ ಪ್ರಭಾವವಿದ್ದ ಅಲ್ಲಿನ ಮರಬೂತರ, ಅಂದರೆ ಸಂತರ, ಪವಾಡಗಳಿಗಿಂತ ಫ್ರೆಂಚರ ಪವಾಡ ದೊಡ್ಡದೆಂದು ತೋರಿಸುವುದು ಆತನ ಕೆಲಸ. ಚಿಕ್ಕ ಪೆಟ್ಟಿಗೆಯೊಂದನ್ನು ಎತ್ತಲು ಬಲಶಾಲಿ ಅರಬನೊಬ್ಬನನ್ನು ಕರೆದು, ಅದರ ಕೆಳಗಿನ ವಿದ್ಯುತ್ಕಾಂತಕ್ಕೆ ವಿದ್ಯುತ್ ಹರಿಸಿ, ನಿನ್ನ ಬಲವನ್ನು ನಾನು ಕಸಿದುಕೊಂಡಿದ್ದೇನೆಂದು ಸಾರಿದ. ಮೇಲಿನಿಂದ ಆಘಾತವನ್ನೂ ಕೊಟ್ಟ. ಇದೆಲ್ಲ ತಂತ್ರವೆಂದು ಆಮೇಲೆ ತಿಳಿಸಿಕೊಡಲಾಯಿತೆಂದು ಆತನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ, ಇರಬಹುದು. ಭಯ ಮೊದಲು ಬಂತು, ಭಯ ಹುಟ್ಟಿಸಲೆಂದೇ ಸರ್ಕಾರ ಖರ್ಚು ಕೊಟ್ಟಿತ್ತು. ಸಮಾನರೊಂದಿಗೆ ನಟ, ಆಳಲ್ಪಡುವವರೊಂದಿಗೆ ಮಾಂತ್ರಿಕ. ಚಳಕದಲ್ಲಿ ಆತನನ್ನು ಮೀರಿಸಿದವರು ಆ ಕಾಲದಲ್ಲಿ ವಿರಳ. ಆದರೂ ಆ ವರ್ಷ ಆಲ್ಜಿಯರ್ಸ್‌ನಲ್ಲಿ ಆತ ವೃತ್ತಿಧರ್ಮಕ್ಕೆ ಎರವಾದ ಎಂದೇ ನನ್ನ ತೀರ್ಪು.

ಅರಬರಿಗೆ ವಿವೇಕ ಕಲಿಸಲು ಪ್ಯಾರಿಸ್ಸಿನಿಂದ ಯಾರೂ ಬರಬೇಕಾಗಿರಲಿಲ್ಲ ಎಂಬುದು ಇದರೊಳಗಿನ ಇನ್ನೊಂದು ವ್ಯಂಗ್ಯ. ಅದಕ್ಕಿಂತ ಸುಮಾರು ಆರು ಶತಮಾನಗಳ ಹಿಂದೆ, 13ನೇ ಶತಮಾನದಲ್ಲಿ, ದಮಾಸ್ಕಸ್ ಬಳಿಯ ಅಲ್-ಜೌಬರಿ ಎಂಬಾತ ಸುಳ್ಳು ಪ್ರವಾದಿಗಳು, ರಸವಾದಿಗಳು, ನಕಲಿ ವೈದ್ಯರು, ವೇಷದ ಭಿಕ್ಷುಕರು ಬಳಸುವ ತಂತ್ರಗಳನ್ನು ಒಂದೊಂದಾಗಿ ಬಿಚ್ಚಿಡುವ ಗ್ರಂಥವನ್ನು ಅರೇಬಿಕ್‌ನಲ್ಲಿ ಬರೆದಿದ್ದ. ತಾನೇ ಆ ಲೋಕದಲ್ಲಿ ಓಡಾಡಿ ಬಂದವನ ಸಲಿಗೆ ಅದರಲ್ಲಿದೆ. 2020ರಲ್ಲಿ ಅದು ಇಂಗ್ಲಿಷಿಗೂ ಬಂದಿದೆ. ವಿಚಾರವಾದ ಪಶ್ಚಿಮದಿಂದ ಆಮದಾದ ಸರಕೆಂದು ಊರಿನಲ್ಲೂ ಇಲ್ಲೂ ಹೇಳುವವರಿಗೆ ನಾನು ಆ ಪುಸ್ತಕವನ್ನು ತೋರಿಸುತ್ತೇನೆ.

ಕತಾರಿನಲ್ಲಿರುವ ನಮಗೆ ಈ ‘ಎಲ್ಲರ’ ಎಂಬ ಪ್ರಶ್ನೆ ಅಲ್ಜೀರಿಯಾದಷ್ಟು ದೂರದ್ದಲ್ಲ. ಪಂಚತಾರಾ ಹೋಟೆಲಿನ ಕಂಪನಿ ಔತಣದಲ್ಲಿ ಪ್ರದರ್ಶನ ಕೊಡುವ ಜಾದೂಗಾರ ಇದೆಲ್ಲ ಮನರಂಜನೆಯೆಂದು ಹೇಳಿಯೇ ಹೇಳುತ್ತಾನೆ. ಅಲ್ಲಿ ಹೇಳದಿದ್ದರೆ ನಗೆಪಾಟಲಾಗುತ್ತಾನೆ. ಇಂಡಸ್ಟ್ರಿಯಲ್ ಏರಿಯಾದ ಕೋಣೆಯಲ್ಲಿ ಬಂಕ್ ಮಂಚದ ಮೇಲೆ ಮಲಗಿರುವ ಕಾರ್ಮಿಕನ ಫೋನಿಗೆ ಬರುವವನು ಬೇರೆ. ಊರಲ್ಲಿ ಸಾಲ, ಹೆಂಡತಿಗೆ ಕಾಯಿಲೆ, ಸಂಬಳ ತಡ. 2021ರ ಮಾರ್ಚಿನಿಂದ ಜಾರಿಯಲ್ಲಿರುವ ಕನಿಷ್ಠ ಮೂಲವೇತನ ತಿಂಗಳಿಗೆ 1,000 ರಿಯಾಲ್. ಅವನ ಫೋನಿನಲ್ಲಿ ‘ವಶೀಕರಣ ತಜ್ಞ’ ಕನ್ನಡದಲ್ಲೇ ಮಾತನಾಡುತ್ತಾನೆ, ತುಪ್ಪವೆಂದು ಹೇಳಿ ಗ್ಲಿಸರಿನ್ ಸುರಿದು, ಪೊಟ್ಯಾಸಿಯಂ ಪರ್ಮಾಂಗನೇಟ್ ಅಡಗಿಸಿದ ಹೋಮಕುಂಡದಲ್ಲಿ ಬೆಂಕಿಕಡ್ಡಿಯಿಲ್ಲದೆ ಜ್ವಾಲೆ ಎಬ್ಬಿಸುತ್ತಾನೆ. ಈ ತಂತ್ರ ಗೊತ್ತಿಲ್ಲದ ಜಾದೂಗಾರ ನಮ್ಮಲ್ಲಿ ಇರಲಾರ. ಗೊತ್ತಿದ್ದೂ ಸುಮ್ಮನಿರುವುದು ವೃತ್ತಿಯ ಗೌಪ್ಯತೆಯೇ?

ಇಲ್ಲಿ ಜಾದೂಗಾರರ ಕಡೆಯಿಂದ ಬರುವ ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಗುಟ್ಟೇ ನಮ್ಮ ಬಂಡವಾಳ, ಅದನ್ನು ಬೀದಿಗೆ ಹಾಕಿದರೆ ನಮ್ಮ ಅನ್ನ ಹೋಗುತ್ತದೆ ಎನ್ನುತ್ತಾರೆ. 1905ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮ್ಯಾಜಿಕ್ ಸರ್ಕಲ್‌ನಂಥ ಸಂಸ್ಥೆಗಳು ಗುಟ್ಟು ಹೊರಗೆಡಹಿದವರನ್ನು ಹೊರಹಾಕುತ್ತವೆ. ಸಹಕಲಾವಿದನೊಬ್ಬ ವರ್ಷಗಟ್ಟಲೆ ದುಡಿದು ಕಟ್ಟಿದ ತಂತ್ರವನ್ನು ಲೈಕುಗಳಿಗಾಗಿ ಬಯಲು ಮಾಡುವುದು ಕಳ್ಳತನವೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಯಲು ಮಾಡಬೇಕಾದದ್ದು ತಂತ್ರವನ್ನಲ್ಲ, ಹಕ್ಕುಸಾಧನೆಯನ್ನು. ಇದು ದೈವಶಕ್ತಿ ಎಂದವನ ಕೈ ಹಿಡಿಯಲು ಪ್ರತಿ ಪೆಟ್ಟಿಗೆಯ ಒಳಮೈ ತೋರಿಸಬೇಕಾಗಿಲ್ಲ.

ಅದನ್ನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವರು ಜಾದೂಗಾರರಲ್ಲ, ಒಬ್ಬ ಭೌತವಿಜ್ಞಾನಿ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಉಂಗುರ, ಗಡಿಯಾರಗಳ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂಬ ಅವರ ಸವಾಲು ಕರ್ನಾಟಕದಲ್ಲಿ ಮನೆಮಾತಾಯಿತು. ಈ ಕುಂಬಳಕಾಯಿಯ ಜಾಣತನವನ್ನು ಗಮನಿಸಿ. ಉಂಗುರ ಹೇಗೆ ಬಂತೆಂದು ಅವರು ವಿವರಿಸಲಿಲ್ಲ, ಯಾವ ಕಲಾವಿದನ ಗುಟ್ಟನ್ನೂ ಒಡೆಯಲಿಲ್ಲ. ಅಂಗೈಯಲ್ಲಿ, ತೋಳಿನೊಳಗೆ ಅಡಗಲಾರದ ಒಂದು ಗಾತ್ರವನ್ನು ಮುಂದಿಟ್ಟರು, ಅಷ್ಟೆ. ಶೂನ್ಯದಿಂದ ಸೃಷ್ಟಿಸುವವನಿಗೆ ಉಂಗುರವೂ ಕುಂಬಳಕಾಯಿಯೂ ಒಂದೇ ಆಗಬೇಕಲ್ಲ!

ಗುಟ್ಟು ತಿಳಿದರೆ ಬೆರಗು ಸಾಯುತ್ತದೆ ಎಂಬ ಇನ್ನೊಂದು ಮಾತಿದೆ. ಇದನ್ನು ಹೆಚ್ಚಾಗಿ ಹೇಳುವವರು ಜಾದೂ ಮಾಡದವರು. ಅಮೆರಿಕದ ಪೆನ್ ಮತ್ತು ಟೆಲ್ಲರ್ ಜೋಡಿ ಬಟ್ಟಲು-ಚೆಂಡುಗಳ ಪುರಾತನ ಆಟವನ್ನು ಪಾರದರ್ಶಕ ಬಟ್ಟಲುಗಳಲ್ಲಿ ಆಡಿ ತೋರಿಸುತ್ತಾರೆ. ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಾಣುತ್ತಿದ್ದರೂ ಕಣ್ಣು ಹಿಂಬಾಲಿಸಲಾರದೆ ಸೋಲುತ್ತದೆ, ಬೆರಗು ಇಮ್ಮಡಿಸುತ್ತದೆ. ಹೂಡಿನಿ ತನ್ನ ಕೊನೆಯ ವರ್ಷಗಳಲ್ಲಿ ಸತ್ತವರೊಡನೆ ಮಾತನಾಡಿಸುತ್ತೇವೆಂಬ ಮಧ್ಯವರ್ತಿಗಳನ್ನು ಬಯಲಿಗೆಳೆಯುತ್ತಲೇ, ಅದನ್ನೇ ಪ್ರದರ್ಶನದ ಭಾಗವಾಗಿಸಿ ಸಭಾಂಗಣಗಳನ್ನು ತುಂಬಿಸಿದ.

ಇನ್ನು ನಮ್ಮ ಬಣದ ಬಗ್ಗೆ. ಪ್ರಗತಿಪರರೆನಿಸಿಕೊಂಡ ನಾವು ಜಾದೂಗಾರನನ್ನು ಕರೆಯುವುದು ಪವಾಡ ಬಯಲು ಮಾಡುವ ಕಾರ್ಯಕ್ರಮಕ್ಕೆ ಮಾತ್ರ. ಹುಲಿಕಲ್ ನಟರಾಜ್ ಅವರಂಥವರು ಹಳ್ಳಿಹಳ್ಳಿಗಳಲ್ಲಿ ಮಾಡಿದ ಕೆಲಸ ದೊಡ್ಡದು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಜಾದೂವನ್ನು ಸ್ವತಂತ್ರ ಕಲೆಯಾಗಿ ನಾವೆಂದಾದರೂ ವಿಮರ್ಶಿಸಿದ್ದೇವೆಯೇ? ರಂಗಭೂಮಿಗೆ, ಸಿನಿಮಾಕ್ಕೆ ಪುಟಗಟ್ಟಲೆ ಬರೆಯುವ ನಮ್ಮ ಪತ್ರಿಕೆಗಳು ಮಂಗಳೂರಿನ ಕುದ್ರೋಳಿ ಗಣೇಶ್ ಅವರ ಒಂದು ಪ್ರದರ್ಶನದ ಬಗ್ಗೆ ಅಷ್ಟೇ ಗಂಭೀರವಾದ ವಿಮರ್ಶೆಯನ್ನು ಎಷ್ಟು ಸಲ ಪ್ರಕಟಿಸಿವೆ? ಕಲೆಯೆಂದು ಗೌರವಿಸದೆ, ವೃತ್ತಿಧರ್ಮವನ್ನು ಮಾತ್ರ ನಿರೀಕ್ಷಿಸುವುದು ಅನ್ಯಾಯ.

‘ವೃತ್ತಿಪರ’ ಎಂಬ ಪದದ ಹಿಂದಿನ ಜಾತಿ-ವರ್ಗಗಳನ್ನೂ ನಾವು ಮುಟ್ಟುವುದಿಲ್ಲ. 1995ರಲ್ಲಿ ದೆಹಲಿಯ ಕುತುಬ್ ಮಿನಾರ್ ಬಳಿ ಬಯಲಿನಲ್ಲಿ, ಪರದೆಯಿಲ್ಲದೆ, ನಾಲ್ಕೂ ಕಡೆ ಜನ ನಿಂತಿರುವಾಗ ಹಗ್ಗವನ್ನು ಆಕಾಶಕ್ಕೆ ಏರಿಸಿ ತೋರಿಸಿದ ಇಶಾಮುದ್ದೀನ್ ಖಾನ್ ಬೀದಿ ಜಾದೂಗಾರರ ಕುಲದವರು. ಅಂಥ ನೂರಾರು ಕುಟುಂಬಗಳ ನೆಲೆಯಾಗಿದ್ದ ಕಠ್‌ಪುತಲಿ ಕಾಲನಿಯನ್ನು 2017ರಲ್ಲಿ ಕೆಡವಿದರು. ದೆಹಲಿಗೂ ಅನ್ವಯಿಸುತ್ತಿದ್ದ 1959ರ ಬಾಂಬೆ ಭಿಕ್ಷಾಟನೆ ನಿಷೇಧ ಕಾಯ್ದೆಯ ವ್ಯಾಖ್ಯೆಯಂತೆ ಸಾರ್ವಜನಿಕ ಸ್ಥಳದಲ್ಲಿ ಹಾಡಿ, ಕುಣಿದು, ಪ್ರದರ್ಶನ ನೀಡಿ ಕಾಸು ಪಡೆಯುವುದೂ ಭಿಕ್ಷೆಯೇ. 2018ರಲ್ಲಿ ದೆಹಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸುವವರೆಗೂ ಈ ಕಲಾವಿದರು ಕಾನೂನಿನ ಕಣ್ಣಿನಲ್ಲಿ ಭಿಕ್ಷುಕರು. ಟೈ ಕಟ್ಟಿದವನು ವೃತ್ತಿಪರ, ಡಮರುಗ ಹಿಡಿದವನು ಅಪರಾಧಿ. ಬಾಯಿಬಿಟ್ಟು ಹೊಟ್ಟೆಪಾಡಿಗೆ ಎಂದು ಹೇಳಿಯೇ ಆಟವಾಡುವ ಬೀದಿಯವನು ಕರಾರಿಗೆ ಎಷ್ಟೋ ಮೆಂಟಲಿಸ್ಟುಗಳಿಗಿಂತ ನಿಷ್ಠನಾಗಿರುತ್ತಾನೆ.

ಪೆಟ್ಟಿಗೆಯೊಳಗಿನ ಹೆಣ್ಣನ್ನೂ ಮರೆಯಬಾರದು. 1921ರಲ್ಲಿ ಲಂಡನ್ನಿನ ಸೆಲ್ಬಿಟ್ ಹೆಣ್ಣೊಬ್ಬಳನ್ನು ಗರಗಸದಿಂದ ಕೊಯ್ಯುವ ಆಟ ಆರಂಭಿಸಿದಂದಿನಿಂದ ಇಂದಿನವರೆಗೆ ಆ ಆಟದ ಕಷ್ಟದ ಭಾಗವನ್ನು ಮಾಡುತ್ತ ಬಂದಿರುವುದು ಬಹುಪಾಲು ಒಳಗಿರುವವಳು. ಮೈಯನ್ನು ಮಡಿಸಿ, ಉಸಿರು ಬಿಗಿಹಿಡಿದು, ಕ್ಷಣ ತಪ್ಪದೆ ಜಾಗ ಬದಲಿಸಿ ಹೊರಬಂದು ನಗುವವಳು ಅವಳು. ಚಪ್ಪಾಳೆ ಗರಗಸ ಹಿಡಿದವನಿಗೆ. ನಮ್ಮ ಆಹ್ವಾನಪತ್ರಿಕೆಗಳಲ್ಲಿ ಅವಳು ‘ಮತ್ತು ತಂಡ’. ಮ್ಯಾಜಿಕ್ ಸರ್ಕಲ್ ಕೂಡ 1991ರವರೆಗೆ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಸೋಫಿ ಲಾಯ್ಡ್ ಎಂಬಾಕೆ ಗಂಡುವೇಷದಲ್ಲಿ ಪರೀಕ್ಷೆ ಎದುರಿಸಿ, ಗೆದ್ದು ಸದಸ್ಯೆಯಾದಳು. ಗುಟ್ಟು ಹೊರಬಿದ್ದಾಗ ಮೋಸ ಮಾಡಿದಳೆಂದು ಹೊರಹಾಕಿದರು. ಮೋಸವನ್ನೇ ಕಲೆಯಾಗಿಸಿಕೊಂಡವರ ಸಂಘ, ತಮ್ಮನ್ನೇ ಅಷ್ಟು ಚೆನ್ನಾಗಿ ಮೋಸಗೊಳಿಸಿದವಳಿಗೆ ಪದಕ ಕೊಡಬೇಕಿತ್ತು. ಅವಳನ್ನು ಮರಳಿ ಸೇರಿಸಿಕೊಂಡದ್ದು 2025ರಲ್ಲಿ.

ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರ ಕೊಲೆಯ ನಂತರ 2013ರಲ್ಲಿ, ಕರ್ನಾಟಕದಲ್ಲಿ 2017ರಲ್ಲಿ ಮೂಢನಂಬಿಕೆ ಮತ್ತು ಮಾಟಮಂತ್ರಗಳ ವಿರುದ್ಧ ಕಾನೂನುಗಳಾದವು. ನಮ್ಮದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅವು ಬೇಕಾಗಿದ್ದವು. ಆದರೆ ದೋಹಾದ ಸಭಾಂಗಣಕ್ಕೆ ಅವು ತಲುಪುವುದಿಲ್ಲ. ಫೋನಿನಲ್ಲಿ ಬರುವ ಹೋಮಕುಂಡಕ್ಕೂ ಅಷ್ಟಾಗಿ ತಲುಪುವುದಿಲ್ಲ. ಇಲ್ಲಿ ಕೆಲಸ ಮಾಡಬೇಕಾದದ್ದು ಕಾರ್ಯಕ್ರಮ ಏರ್ಪಡಿಸುವ ನಾವೇ. ಜಾದೂಗಾರನನ್ನು ಕರೆಯುವ ಸಮಿತಿ ಮೊದಲು ನ್ಯಾಯವಾದ ಸಂಭಾವನೆ ಕೊಡಲಿ. ಟಿಕೆಟ್ಟು, ಊಟ, ಒಂದು ಶಾಲು ಸಂಭಾವನೆಯಲ್ಲ. ಕಲಾವಿದನ ಹೊಟ್ಟೆ ತುಂಬದಿದ್ದರೆ ಆತ ಮರುದಿನದ ‘ಕಾರ್ಯಾಗಾರ’ಕ್ಕೆ ಕೈಹಾಕುವುದು ಸಹಜ. ಪೆಟ್ಟಿಗೆಯೊಳಗೆ ಹೋಗುವವಳ ಹೆಸರನ್ನು ಪೆಟ್ಟಿಗೆ ತಳ್ಳುವವನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಲಿ. ಮತ್ತು ಒಪ್ಪಂದದ ಕಾಗದದಲ್ಲಿ ಒಂದು ಸಾಲು ಸೇರಿಸಲಿ: ಪ್ರದರ್ಶನದ ಕೊನೆಗೆ ಕಲಾವಿದರು, ತಾವು ತೋರಿಸಿದ್ದೆಲ್ಲ ಅಭ್ಯಾಸದಿಂದ ಬಂದ ಕೌಶಲವೆಂದೂ, ಇದೇ ತಂತ್ರಗಳನ್ನು ಶಕ್ತಿಯೆಂದು ಹೇಳಿ ಹಣ ಕೇಳುವವರಿಗೆ ಕೊಡಬಾರದೆಂದೂ, ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಸಭೆಯಲ್ಲಿ ಯಾರಿದ್ದಾರೋ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳತಕ್ಕದ್ದು. ಆ ಸಾಲಿಗೆ ಸಹಿ ಹಾಕಲು ಹಿಂಜರಿಯುವವರ ಹೆಸರಿನ ಹಿಂದೆ ಆ ವಿಶೇಷಣ ಅಚ್ಚಾಗುವುದು ಬೇಡ.